ದಾರಿಯ ಮೇಲೆ ಕಾಣುವ ಹಕ್ಕಿ, ಕಾಣದ ಹಕ್ಕಿ

ತೀರ್ಥಹಳ್ಳಿ ಸೀಮೆಯ ಒಂದು ಊರು. ಟಾರು ರಸ್ತೆಯಿಂದ ಊರಿಗೆ ಎರಡೂವರೆ ಕಿಲೋಮೀಟರ್ ಮಣ್ಣಿನ ದಾರಿ, ಅದರಲ್ಲಿ ಹೆಚ್ಚಿನ ಭಾಗ ಕಾಡಿನೊಳಗೇ. ಡಿಸೆಂಬರ್ ತಿಂಗಳ ಬೆಳಗು. ಇಬ್ಬನಿ ಇನ್ನೂ ಎಲೆಗಳಿಂದ ತೊಟ್ಟಿಕ್ಕುತ್ತಿದೆ. ಮಾತಾಡುತ್ತಿರುವವರು ಇಬ್ಬರು: ಇದೇ ದಾರಿಯಲ್ಲಿ ಮೂವತ್ತು ವರ್ಷ ಶಾಲೆಗೆ ನಡೆದು ನಿವೃತ್ತರಾದ ಮೇಷ್ಟ್ರು, ಮತ್ತು ಅವರ ಕೈಯಲ್ಲಿ ಅಕ್ಷರ ಕಲಿತು ಈಗ ಇಂಜಿನಿಯರಾಗಿ ಇದೇ ದಾರಿಯ ಅಳತೆಗೆ ಬಂದಿರುವ ಊರಿನ ಹೆಣ್ಣುಮಗಳು.

ಇಂಜಿನಿಯರ್: ಯಾಕೆ ಸರ್, ನಿಂತುಬಿಟ್ರಿ? ಟೇಪು ಹಿಡಿಯೋ ಹುಡುಗ ಆಗಲೇ ಮೋರಿ ದಾಟಿ ಹೋದ.

ಮೇಷ್ಟ್ರು: ಹೋಗಲಿ ಬಿಡು. ನೀನು ಸ್ವಲ್ಪ ಹೊತ್ತು ಅಲ್ಲಾಡದೆ ನಿಲ್ಲು. ಆ ತಿರುವಿನಲ್ಲಿ ಬಿಸಿಲು ಬಿದ್ದಿದೆಯಲ್ಲ, ಅಲ್ಲಿ ನೋಡು.

ಇಂಜಿನಿಯರ್: ಕಾಡುಕೋಳಿ! ಒಂದು ಹುಂಜ, ಎರಡು ಹೇಂಟೆ.

ಮೇಷ್ಟ್ರು: ಹುಂಜದ ಕುತ್ತಿಗೆ ನೋಡು, ಗರಿಗರಿಗೂ ಮೇಣದ ತೊಟ್ಟು ಇಟ್ಟ ಹಾಗೆ ಹಳದಿ ಚುಕ್ಕೆ. ಈಗ ಸಗಣಿ ಕೆದಕುತ್ತೆ, ಒಂದು ಹೆಜ್ಜೆ ಹಿಂದೆ ಸರಿಯುತ್ತೆ, ತಲೆ ಓರೆ ಮಾಡಿ ಏನು ಹೊರಗೆ ಬಂತು ಅಂತ ನೋಡುತ್ತೆ. ಅಷ್ಟರಲ್ಲಿ ಹೇಂಟೆ ಬಂದು ಬಾಯಿ ಹಾಕಿರುತ್ತೆ. ರಾತ್ರಿಯ ಇಬ್ಬನಿಗೆ ಹಳುವೆಲ್ಲ ತೊಯ್ದು ತೊಪ್ಪೆಯಾಗಿರುತ್ತೆ, ಒಳಗೆ ಓಡಾಡಿದರೆ ಗರಿ ಒದ್ದೆ. ಅದಕ್ಕೇ ಬೆಳಗಾಗುತ್ತಲೇ ದಾರಿಗೆ ಬರುತ್ತವೆ. ಬಿಸಿಲು ಕಾಯಿಸೋದು ಇಲ್ಲಿ, ಹೊಟ್ಟೆಯಲ್ಲಿ ಕಾಳು ಅರೆಯಲಿಕ್ಕೆ ಬೇಕಾದ ಹರಳು ನುಂಗೋದು ಇಲ್ಲಿ, ಬೇಸಿಗೆಯಲ್ಲಿ ಹೇನು ಉದುರಿಸಲಿಕ್ಕೆ ಹುಡಿಮಣ್ಣಿನಲ್ಲಿ ಹೊರಳಾಡೋದೂ ಇಲ್ಲೇ.

ಇಂಜಿನಿಯರ್: ಹಾಗಾದರೆ ಸದ್ದುಗದ್ದಲವಿಲ್ಲದ ದಾರಿಯಿಂದ ಕಾಡಿನ ಹಕ್ಕಿಗೆ ಒಳ್ಳೆಯದೇ ಅಂತಾಯ್ತು. ನಾನು ಅಳುಕಿಕೊಂಡೇ ಬಂದಿದ್ದೆ ಸರ್. ನೀವು ಏನಂತೀರೋ ಅಂತ.

ಮೇಷ್ಟ್ರು: ಕಾಡುಕೋಳಿಗೆ ಒಳ್ಳೆಯದು. ಇನ್ನೂ ಕೆಲವಕ್ಕೆ ಒಳ್ಳೆಯದು. ನಿನಗೆ ಚಿಕ್ಕಂದಿನಲ್ಲಿ ಒಂದು ಹಕ್ಕಿ ತೋರಿಸಿದ್ದೆ, ನೆನಪಿದೆಯಾ? ಹಳದಿ ಹೊಟ್ಟೆ, ಉದ್ದ ಬಾಲ, ನಾವು ನಡೆದ ಹಾಗೆ ನಮ್ಮ ಮುಂದೆ ಮುಂದೆ ಹಾರಿ ಕೂರೋದು.

ಇಂಜಿನಿಯರ್: ಬೂದು ಸಿಪಿಲೆ! ಬಾಲ ಕುಣಿಸಿಕೊಂಡು ಶಾಲೆವರೆಗೂ ದಾರಿ ತೋರಿಸೋ ಹಾಗೆ ಬರುತ್ತಿತ್ತು.

ಮೇಷ್ಟ್ರು: ಹಿಮಾಲಯದ ಕಡೆಯಿಂದ, ಅದರಾಚೆಯಿಂದಲೂ ಹೊರಟು ಬರುತ್ತೆ. ಮಳೆ ಹಿಂದೆಗೆಯುವ ಹೊತ್ತಿಗೆ ಇಲ್ಲಿಗೆ ಬಂತು ಅಂದರೆ ಬೇಸಿಗೆ ಮೊದಲಾಗುವವರೆಗೂ ಇಲ್ಲೇ. ನೀನು ಈಗ ಅಳತೆ ಮಾಡಬೇಕಾದ ಮೋರಿ ಇದೆಯಲ್ಲ, ಅದರ ಕೆಳಗೆ ಕಲ್ಲಿನ ಸಂದಿನಲ್ಲಿ ಸಿಳ್ಳೆ ಹಕ್ಕಿ ಗೂಡು ಕಟ್ಟುತ್ತೆ. ಮಳೆಗಾಲದಲ್ಲಿ ಹಳ್ಳ ಬೋರ್ಗರೆಯುವಾಗ, ಆ ಅಬ್ಬರದ ಮೇಲೂ ಕೇಳೋ ಹಾಗೆ ಸಿಳ್ಳೆ ಹಾಕುತ್ತೆ. ಕಲ್ಲುಬಂಡೆಯ ಹಕ್ಕಿ ಅದು. ಮನುಷ್ಯ ಕಟ್ಟಿದ ಮೋರಿಯನ್ನೂ ಬಂಡೆ ಅಂತಲೇ ತಿಳಿದುಕೊಂಡಿದೆ.

ಇಂಜಿನಿಯರ್: ಅದನ್ನು ಬರೆದುಕೊಳ್ಳುತ್ತೀನಿ. ಮೋರಿ ಕೆಲಸ ಬೇಸಿಗೆಯಲ್ಲೇ ಮುಗಿಸಬೇಕು, ಮಳೆ ಹಿಡಿದ ಮೇಲೆ ಮುಟ್ಟಬಾರದು. ಆದರೆ ನೀವು "ಕೆಲವಕ್ಕೆ ಒಳ್ಳೆಯದು" ಅಂದ್ರಿ. ಮಿಕ್ಕವು?

ಮೇಷ್ಟ್ರು: ನೋಡು, ನಾವಿಬ್ಬರೂ ದಾರಿಯ ಮೇಲೆ ನಿಂತು ಹಕ್ಕಿ ನೋಡುತ್ತಿದ್ದೇವೆ. ದಾರಿಯ ಮೇಲೆ ನಿಂತವನಿಗೆ ಸಿಗೋದು ದಾರಿಯನ್ನು ಇಷ್ಟಪಡೋ ಹಕ್ಕಿಗಳು. ಪಿಕಳಾರ, ಕಾಜಾಣ, ಮಡಿವಾಳ, ಪಚ್ಚೆ ರೆಕ್ಕೆಯ ಬೆಳವ. ಬೆಳಕು ಬೇಕು ಅನ್ನೋವು, ಅಂಚು ಬೇಕು ಅನ್ನೋವು. ಒಂದು ಗಂಟೆಯಲ್ಲಿ ಮೂವತ್ತು ಜಾತಿ ಎಣಿಸಿ, ಎಷ್ಟು ಸಮೃದ್ಧವಾದ ಕಾಡು ಅಂತ ಸಂತೋಷಪಟ್ಟು ಮನೆಗೆ ಹೋಗಬಹುದು. ನಾನೂ ಬಹಳ ವರ್ಷ ಹಾಗೇ ಸಂತೋಷಪಟ್ಟವನು. ಹಿಂದೆ ಸರಿದ ಹಕ್ಕಿ ಎಷ್ಟು ಅಂತ ದಾರಿ ಹೇಳೋದಿಲ್ಲ.

ಇಂಜಿನಿಯರ್: ಹಿಂದೆ ಸರಿದಿವೆ ಅಂತ ನಿಮಗೆ ಹೇಗೆ ಗೊತ್ತಾಯ್ತು?

ಮೇಷ್ಟ್ರು: ಪಕ್ಕದ ಊರಿನ ರಸ್ತೆ ಅಗಲ ಮಾಡಿದರಲ್ಲ, ಆಗ. ಅದೂ ಇದರ ಹಾಗೇ ಇತ್ತು. ಎರಡು ಬದಿಯ ಮರಗಳು ಮೇಲೆ ಕೈ ಕೂಡಿಸಿ ನಿಂತು, ಹಗಲಲ್ಲೂ ಕೆಳಗೆ ಮಬ್ಬು. ಗಾಡಿ ಏನು ಜಾಸ್ತಿ ಇರಲಿಲ್ಲ, ಈಗಲೂ ಇಲ್ಲ. ಕೆಲಸ ಮಾಡಿಸಿದವರು ಬೇಕಾದದ್ದಕ್ಕಿಂತ ಬಹಳ ಹೆಚ್ಚು ಅಗಲಕ್ಕೆ ಮರ ತೆಗೆಸಿದರು. ಮೇಲೆ ಆಕಾಶ ಬಾಯಿ ಬಿಟ್ಟಿತು. ಆ ವರ್ಷ ಜನವರಿಯಲ್ಲಿ ಒಂದು ದಿನ ಅಲ್ಲಿ ನಿಂತಿದ್ದೆ. ಕಾಡಿನೊಳಗೆ ಹಕ್ಕಿಗಳು ತಂಡ ಕಟ್ಟಿಕೊಂಡು ಮೇಯುತ್ತವಲ್ಲ, ಹತ್ತು ಹನ್ನೆರಡು ಜಾತಿ ಒಟ್ಟಿಗೆ, ಅಂಥ ಒಂದು ತಂಡ ಬಂತು. ಮುಂದೆ ಭೀಮರಾಜ, ಬಾಲದ ಎರಡು ತಂತಿ ಎಳೆದುಕೊಂಡು. ಹಿಂದೆ ಮರಕುಟಿಗ, ಹಸಿರು ಎಲೆಹಕ್ಕಿ, ಕೆಳಗೆ ಹಳುವಿನಲ್ಲಿ ಕರಿಹಣೆಯ ಪುಟ್ಟ ಹರಟೆಮಲ್ಲಗಳ ಗುಂಪು. ಭೀಮರಾಜ ಸಲೀಸಾಗಿ ರಸ್ತೆ ದಾಟಿತು. ಮರಕುಟಿಗ ದಾಟಿತು. ಪುಟ್ಟವು ಅಂಚಿಗೆ ಬಂದವು. ಕೊನೆಯ ಗಿಡದ ತುದಿ ರೆಂಬೆಯವರೆಗೆ ಒಂದು ಬರೋದು, ಬಿಸಿಲು ನೋಡಿ ತಿರುಗೋದು, ಇನ್ನೊಂದು ಬರೋದು, ತಿರುಗೋದು. ಆಚೆಯಿಂದ ಭೀಮರಾಜ ಕೂಗುತ್ತಲೇ ಇತ್ತು. ಹತ್ತು ನಿಮಿಷ ಆಗಿರಬೇಕು, ಅವು ವಾಪಸ್ ಕಾಡಿನೊಳಗೆ ಹೋಗಿಬಿಟ್ಟವು. ತಂಡ ಎರಡಾಯ್ತು.

ಇಂಜಿನಿಯರ್: ಎಷ್ಟು ಅಗಲ ಇತ್ತು ಸರ್?

ಮೇಷ್ಟ್ರು: ನೀನು ಓಡಿದರೆ ಮೂರು ಉಸಿರಿಗೆ ದಾಟಬಹುದಾದಷ್ಟು. ಆದರೆ ಅವು ಜನ್ಮದಲ್ಲಿ ಬಿಸಿಲಿಗೆ ಬಿದ್ದ ಹಕ್ಕಿಗಳಲ್ಲ. ಮಬ್ಬಿನಲ್ಲಿ, ದರಗಿನ ಮೇಲೆ, ಮೊಣಕಾಲೆತ್ತರದಲ್ಲಿ ಬದುಕೋವು. ಮೇಲೆ ಗಿಡುಗ ಬಂದರೆ ಭೀಮರಾಜ ಎಚ್ಚರಿಸುತ್ತೆ ಅನ್ನೋ ನಂಬಿಕೆ ಮೇಲೆ ತಲೆ ತಗ್ಗಿಸಿ ಹುಳ ಹುಡುಕುತ್ತವೆ. ಆ ಕಾವಲುಗಾರನೇ ಆಚೆ ದಡಕ್ಕೆ ಹೋದರೆ? ಇದು ನಮ್ಮ ಮಲೆನಾಡಿನ ಕಥೆ ಮಾತ್ರವೂ ಅಲ್ಲ. ಬ್ರೆಜಿಲ್‌ನ ಮನೌಸ್ ಊರಿನ ಹತ್ತಿರ, ಅಮೆಜಾನ್ ಕಾಡಿನಲ್ಲಿ ಸೂಸನ್ ಲಾರೆನ್ಸ್ ಮತ್ತು ಜೊತೆಯವರು ಬಲೆ ಹಾಕಿ, ಹಕ್ಕಿಗೆ ಕಾಲುಂಗುರ ತೊಡಿಸಿ ಇದನ್ನೇ ನೋಡಿದರು. ಅವರ ಬರಹ 2004ರದ್ದು. ವಾಹನ ಬಹಳ ಕಡಿಮೆ ಇರೋ ಮಣ್ಣು ರಸ್ತೆ ಅದು, ಆದರೂ ನೆಲದ ಹತ್ತಿರ ಹುಳ ಹಿಡಿಯೋ ಹಕ್ಕಿಗಳು ದಾಟಲಿಕ್ಕೆ ಹಿಂಜರಿದವು. ಅದೇ ರಸ್ತೆಯ ಬದಿಯಲ್ಲಿ ಗಿಡಮರ ಮತ್ತೆ ಎದ್ದು ನಿಂತ ಕಡೆ ದಾಟೋದು ಹೆಚ್ಚಾಯ್ತು. ನಾನು ಓದಿದ್ದರಲ್ಲಿ ನನಗೆ ಬಹಳ ಸಮಾಧಾನ ಕೊಟ್ಟ ಮಾತು ಇದು. ಮರ ವಾಪಸ್ ಬಂದರೆ ಹಕ್ಕಿ ವಾಪಸ್ ದಾಟುತ್ತೆ.

ಇಂಜಿನಿಯರ್: ನಾನು ಎಂ.ಟೆಕ್ ಮಾಡುವಾಗ ಓದಿದ್ದು ಬೇರೆ. ಅಲ್ಲಿ ಎಲ್ಲ ಸದ್ದಿನ ಮೇಲೇ ಇತ್ತು. ನೆದರ್‌ಲ್ಯಾಂಡ್ಸ್‌ನಲ್ಲಿ ರೈನೆನ್ ಅನ್ನುವವರು 1990ರ ದಶಕದಲ್ಲಿ ಹೆದ್ದಾರಿ ಬದಿಯ ಕಾಡುಗಳ ಹಕ್ಕಿ ಎಣಿಸಿದ್ದರು. 43 ಜಾತಿಯಲ್ಲಿ 26 ಜಾತಿ ರಸ್ತೆ ಹತ್ತಿರ ಕಡಿಮೆ. ಕಾರು ಕಣ್ಣಿಗೆ ಕಾಣೋದಕ್ಕಿಂತ ಕಿವಿಗೆ ಕೇಳೋದೇ ಮುಖ್ಯ ಕಾರಣ ಅಂತ ಅವರ ತೀರ್ಮಾನ. ನಮ್ಮ ದಾರಿಯಲ್ಲಿ ದಿನಕ್ಕೆ ಎಂಟು ಹತ್ತು ಗಾಡಿ. ಸದ್ದೇ ಇಲ್ಲ ಅಂದಮೇಲೆ ತೊಂದರೆಯೂ ಇಲ್ಲ ಅಂದುಕೊಂಡಿದ್ದೆ.

ಮೇಷ್ಟ್ರು: ಸದ್ದಿನ ವಿಷಯ ಸಣ್ಣದು ಅಂತ ನಾನು ಹೇಳೋದಿಲ್ಲ. ಅಮೆರಿಕದ ಐಡಹೋದಲ್ಲಿ 2012ರಲ್ಲಿ ಒಂದು ಪ್ರಯೋಗ ಮಾಡಿದರು, ಜೆಸ್ಸಿ ಬಾರ್ಬರ್, ಮೆಕ್ಲೂರ್ ಮತ್ತು ಅವರ ಜೊತೆಯವರು. ರಸ್ತೆಯೇ ಇಲ್ಲದ ಬೆಟ್ಟದ ಕಾಡಿನಲ್ಲಿ ಅರ್ಧ ಕಿಲೋಮೀಟರ್ ಉದ್ದಕ್ಕೆ ಮರಗಳಿಗೆ ಸ್ಪೀಕರ್ ಕಟ್ಟಿ ಬರೀ ಗಾಡಿ ಸದ್ದು ಕೇಳಿಸಿದರು. ನಾಲ್ಕು ದಿನ ಸದ್ದು, ನಾಲ್ಕು ದಿನ ಮೌನ. ಸದ್ದಿನ ದಿನಗಳಲ್ಲಿ ಹಕ್ಕಿಗಳ ಸಂಖ್ಯೆ ಕಾಲು ಭಾಗಕ್ಕಿಂತಲೂ ಹೆಚ್ಚು ಇಳಿಯಿತು. ಒಂದು ಮರ ಕಡಿಯಲಿಲ್ಲ, ಒಂದು ಗಾಡಿ ಓಡಲಿಲ್ಲ. ಬಿಟ್ಟು ಹೋಗದೆ ಉಳಿದ ಹಕ್ಕಿಗಳ ಕಥೆ ಇನ್ನೂ ಕಷ್ಟ. ಅವು ಸೊರಗಿದ್ದವು. ಯಾಕೆ ಗೊತ್ತಾ? ಸದ್ದಿನ ನಡುವೆ ಶತ್ರುವಿನ ಸುಳಿವು ಕಿವಿಗೆ ಸಿಗೋದಿಲ್ಲ. ಅದಕ್ಕೆ ಮತ್ತೆ ಮತ್ತೆ ತಲೆಯೆತ್ತಿ ನೋಡಬೇಕು. ತಲೆ ಎತ್ತಿದಷ್ಟು ಹೊತ್ತೂ ಹೊಟ್ಟೆಗಿಲ್ಲ.

ಇಂಜಿನಿಯರ್: ಮಗುವಿಗೆ ಊಟ ಮಾಡಿಸುವಾಗ ಬಾಗಿಲ ಕಡೆ ನೋಡುತ್ತಲೇ ಇರೋ ತಾಯಿಯ ಹಾಗೆ.

ಮೇಷ್ಟ್ರು: ಹೌದು, ಹಾಗೇ. ಅದಕ್ಕೇ ಈ ದಾರಿಯ ಮೌನ ದೊಡ್ಡ ಆಸ್ತಿ. ಆದರೆ ಮೌನ ಒಂದೇ ಸಾಕಾಗೋದಿಲ್ಲ, ಮಬ್ಬೂ ಬೇಕು. ಆ ಅಗಲ ಮಾಡಿದ ರಸ್ತೆಯಲ್ಲಿ ಸದ್ದು ಹೆಚ್ಚಲಿಲ್ಲ, ಮಬ್ಬು ಹೋಯ್ತು. ಮೂರೇ ವರ್ಷಕ್ಕೆ ಎರಡೂ ಬದಿ ಕಮ್ಯುನಿಸ್ಟ್ ಗಿಡ, ಲಂಟಾನ. ಬದಿ ತುಂಬಲಿಕ್ಕೆ ಎಲ್ಲಿಂದಲೋ ಮಣ್ಣು ತಂದು ಸುರಿದಿದ್ದರು, ಬೀಜ ಅದರ ಜೊತೆಗೇ ಬಂತು. ಲಂಟಾನದ ಹಣ್ಣು ತಿನ್ನಲಿಕ್ಕೆ ಪಿಕಳಾರ ಬಂದವು, ತಿಂದು ಇನ್ನಷ್ಟು ಕಡೆ ಬೀಜ ಬಿತ್ತಿದವು. ನೋಡಿದವರಿಗೆ ಹಕ್ಕಿ ಹೆಚ್ಚಾದ ಹಾಗೇ ಕಾಣುತ್ತೆ. ಕಾಕರಣೆ ಹಕ್ಕಿ ಮಾತ್ರ ಆಮೇಲೆ ಅಲ್ಲಿ ನನಗೆ ಕಾಣಲಿಲ್ಲ.

ಇಂಜಿನಿಯರ್: ಆ ಕೆಂಪು ಎದೆಯ ಹಕ್ಕಿ. ನೀವು ಏಳನೇ ಕ್ಲಾಸಿನಲ್ಲಿ ತೋರಿಸಿದ್ರಿ. ಒಂದೇ ರೆಂಬೆ ಮೇಲೆ ಎಷ್ಟು ಹೊತ್ತು ಕೂತಿತ್ತು ಅಂದರೆ ನಮಗೆ ಕಾದು ಸಾಕಾಗಿತ್ತು.

ಮೇಷ್ಟ್ರು: ಅದು ಕೂತಲ್ಲಿ ಕೂತೇ ಇರೋ ಹಕ್ಕಿ. ಗೂಡು ಮಾಡೋದು ಒಣಗಿ ಮೆತ್ತಗಾದ ಬೊಡ್ಡೆಯಲ್ಲಿ, ಅದೂ ಕೈಗೆ ಎಟುಕುವ ಎತ್ತರದಲ್ಲಿ. ರಸ್ತೆ ಬದಿ ಸ್ವಚ್ಛ ಮಾಡುವವರು ಮೊದಲು ತೆಗೆಯೋದೇ ಅಂಥ ಬೊಡ್ಡೆಗಳನ್ನು. ಅವರ ಲೆಕ್ಕಕ್ಕೆ ಅದು ಸತ್ತ ಮರ.

ಇಂಜಿನಿಯರ್: ಸರ್, ಒಂದು ಮಾತು ಕೇಳಬೇಕು, ಬೇಜಾರು ಮಾಡ್ಕೋಬೇಡಿ. ನನ್ನ ತಮ್ಮ ಹುಟ್ಟುವಾಗ ಅಮ್ಮನನ್ನು ಕಂಬಳಿ ಜೋಲಿಯಲ್ಲಿ ಹೊತ್ತುಕೊಂಡು ಇದೇ ದಾರಿಯಲ್ಲಿ ಓಡಿದ್ದು. ಜುಲೈ ತಿಂಗಳು, ಮೊಣಕಾಲುದ್ದ ಕೆಸರು. ಹೊತ್ತವರಲ್ಲಿ ನೀವೂ ಒಬ್ಬರು. ಮುಂದೆ ಲಾಟೀನು ಹಿಡಿದುಕೊಂಡು ಓಡಿದವಳು ನಾನು. ನಾನು ಇಂಜಿನಿಯರ್ ಆಗಬೇಕು ಅಂದುಕೊಂಡದ್ದೇ ಆ ರಾತ್ರಿ. ಈ ರಸ್ತೆಯನ್ನು ನಾನು ಮಾಡಿಯೇ ಮಾಡುತ್ತೀನಿ.

ಮೇಷ್ಟ್ರು: ಮಾಡಬೇಕು. ಬೇಡ ಅಂತ ಹೇಳಲಿಕ್ಕೆ ನಾನು ಬೆಳಿಗ್ಗೆ ಎದ್ದು ನಿನ್ನ ಜೊತೆ ಬಂದಿಲ್ಲ ಮಾರಾಯ್ತಿ. ಆ ರಾತ್ರಿಯ ಭಾರ ನನ್ನ ಹೆಗಲಿಗೂ ನೆನಪಿದೆ. ಆಂಬುಲೆನ್ಸ್ ಊರ ಬಾಗಿಲಿಗೆ ಬರಲಿ. ಎಷ್ಟು ಅಗಲ ಬೇಕು ಅದಕ್ಕೆ? ಅದನ್ನು ಹೇಳು.

ಇಂಜಿನಿಯರ್: ದಿನಕ್ಕೆ 100 ಗಾಡಿಗಿಂತ ಕಡಿಮೆ ಓಡಾಡುವ ಹಳ್ಳಿ ರಸ್ತೆಗೆ 3 ಮೀಟರ್ ಸಾಕು. ಸಾಮಾನ್ಯವಾಗಿ ಮಾಡೋದು 3.75. ಅದು ಚಕ್ರ ಓಡುವ ಪಟ್ಟಿ ಮಾತ್ರ. ಎರಡು ಬದಿಯ ಮಣ್ಣು ಸೇರಿದರೆ 6ರಿಂದ 7.5 ಮೀಟರ್, ಅದರಾಚೆ ಚರಂಡಿ. ಧರೆ ಕಡಿಯಬೇಕಾದ ಕಡೆ ಇನ್ನೂ ಜಾಸ್ತಿ. ಕಾಗದದ ಮೇಲೆ ಸಣ್ಣ ರಸ್ತೆ ಅನ್ನಿಸೋದು, ಕಾಡಿನಲ್ಲಿ ಗೆರೆ ಎಳೆದಾಗ ಹತ್ತು ಮೀಟರ್ ಆಗಿಬಿಡುತ್ತೆ.

ಮೇಷ್ಟ್ರು: ಅಲ್ಲೇ ಇರೋದು ನೋಡು ಎಲ್ಲ. 3 ಮೀಟರಿಗೂ 10 ಮೀಟರಿಗೂ ನಡುವೆ ಇರೋ ಮರಗಳು ಯಾವುವು ಅಂತ ನಿನ್ನ ಹುಡುಗ ಬರೆಯುತ್ತಾನಾ? ಈ ಗೋಣಿ ಮರದ ರೆಂಬೆ ಮೇಲಿಂದ ಹೋಗಿ ಆಚೆಯ ಧೂಪದ ಮರಕ್ಕೆ ತಾಗಿದೆ. ಓಂಗಿಲೆ ಹಕ್ಕಿ ಆ ರೆಂಬೆ ಮೇಲೇ ಕುಪ್ಪಳಿಸಿಕೊಂಡು ದಾಟುತ್ತೆ. ಗೋಣಿ ಹಣ್ಣಾದಾಗ ಇಡೀ ಕಾಡಿಗೇ ಇಲ್ಲಿ ಊಟ.

ಇಂಜಿನಿಯರ್: ಒಂದು ತೊಡಕಿದೆ. ಮರದ ಹನಿ ಬೀಳುವ ಕಡೆ ಟಾರು ನಿಲ್ಲೋದಿಲ್ಲ. ನಿಮಗೆ ಗೊತ್ತಲ್ಲ ನಮ್ಮ ಮಳೆ. ಎರಡು ಮಳೆಗಾಲಕ್ಕೆ ಜಲ್ಲಿ ಎದ್ದುಬರುತ್ತೆ. ಅದಕ್ಕೇ ಗುತ್ತಿಗೆದಾರರು ಮೊದಲು ಮರ ತೆಗೆಸಿ ಅನ್ನುತ್ತಾರೆ. ಆದರೆ ಆ ಭಾಗಕ್ಕೆ ಕಾಂಕ್ರೀಟ್ ಹಾಕಬಹುದು. ಖರ್ಚು ಹೆಚ್ಚು, ಬಾಳಿಕೆಯೂ ಹೆಚ್ಚು. ಮಬ್ಬಿನ ಒಂದು ಕಿಲೋಮೀಟರಿಗೆ 3 ಮೀಟರ್ ಕಾಂಕ್ರೀಟ್, ಎದುರು ಗಾಡಿ ಬಂದರೆ ಸರಿಯಲಿಕ್ಕೆ ಈಗಾಗಲೇ ಬಯಲಾಗಿರೋ ಕಡೆ ನಾಲ್ಕು ಜಾಗ. ಬದಿ ತುಂಬಲಿಕ್ಕೆ ಹೊರಗಿನ ಮಣ್ಣು ಬೇಡ, ಇಲ್ಲೇ ಚರಂಡಿ ತೆಗೆದ ಮಣ್ಣು ಸಾಕು.

ಮೇಷ್ಟ್ರು: ಈಗ ನನಗೆ ಪಾಠ ಹೇಳುತ್ತಿದ್ದೀಯ, ಕೇಳಲಿಕ್ಕೆ ಸಂತೋಷ. ಇನ್ನು ವೇಗದ ಮಾತು. ಅದು ನನಗೆ ಹೆಚ್ಚು ಭಯ. ಗಾಡಿ ಎಡೆಬಿಡದೆ ಓಡುವ ರಸ್ತೆಗೆ ಹಕ್ಕಿ ಬರೋದೇ ಇಲ್ಲ. ಸದ್ದಿಲ್ಲದ ದಾರಿಗೆ ನಂಬಿ ಬರುತ್ತೆ. ನಂಬಿ ಕೂತ ಕಡೆ ಒಂದೇ ಒಂದು ಗಾಡಿ ಜೋರಾಗಿ ಬಂದರೆ ಸಾಕು. ಮೂರು ವರ್ಷದ ಹಿಂದೆ ಮಾರ್ಚ್ ತಿಂಗಳಲ್ಲಿ, ಆ ಅಗಲದ ರಸ್ತೆಯಲ್ಲಿ ನನಗೊಂದು ನತ್ತಿಂಗ ಸಿಕ್ಕಿತ್ತು. ಮೈ ಇನ್ನೂ ಬಿಸಿ ಇತ್ತು. ಅಂಗೈ ಮೇಲೆ ಇಟ್ಟುಕೊಂಡೆ. ಒಣ ಎಲೆಯನ್ನೇ ಹೊದ್ದ ಹಾಗಿರೋ ಬಣ್ಣ. ಸಣ್ಣ ಕೊಕ್ಕು, ಆದರೆ ಬಾಯಿ ಬಿಡಿಸಿದರೆ ಕಿವಿತನಕ ತೆರೆಯುತ್ತೆ, ಸುತ್ತ ಬೆಕ್ಕಿನ ಮೀಸೆಯ ಹಾಗೆ ಬಿರುಗೂದಲು. ನಡುಬೆರಳಿನ ಉಗುರಿಗೆ ಬಾಚಣಿಗೆಯ ಹಲ್ಲಿನಂಥ ಸಾಲು, ಗರಿ ಬಾಚಿಕೊಳ್ಳಲಿಕ್ಕೆ ದೇವರು ಕೊಟ್ಟದ್ದು. ಅಷ್ಟು ನಾಜೂಕಾದ ಜೀವ, ಅಷ್ಟು ವರ್ಷ ನೋಡಿದ್ದರೂ ನನಗೆ ಆ ಉಗುರು ಕಂಡದ್ದು ಅದು ಸತ್ತ ಮೇಲೆ.

ಇಂಜಿನಿಯರ್: ಅವು ರಸ್ತೆ ಮೇಲೇ ಯಾಕೆ ಕೂರುತ್ತವೆ ಸರ್? ರಾತ್ರಿ ಬೈಕಿನಲ್ಲಿ ಬರುವಾಗ ಕೆಂಡದ ಹಾಗೆ ಕಣ್ಣು ಹೊಳೆಯುತ್ತೆ, ಚಕ್ರ ಹತ್ತಿರ ಬರುವವರೆಗೂ ಏಳೋದಿಲ್ಲ.

ಮೇಷ್ಟ್ರು: ಬಯಲಾದ ನೆಲ, ಮೇಲೆ ತೆರೆದ ಆಕಾಶ. ಹಾರುವ ಹುಳ ಆಕಾಶದ ಎದುರಿಗೆ ಕಪ್ಪಾಗಿ ಕಾಣುತ್ತೆ, ಕೂತಲ್ಲಿಂದ ಎದ್ದು ಹಿಡಿದು ಮತ್ತೆ ಅಲ್ಲೇ ಕೂರುತ್ತೆ. ಅದಕ್ಕೆ ಗೊತ್ತಿರೋ ಉಪಾಯ ಒಂದೇ: ಅಪಾಯ ಬಂದಾಗ ಅಲ್ಲಾಡದೆ ಎಲೆಯ ಹಾಗೆ ಬಿದ್ದಿರೋದು. ನರಿಯ ಎದುರು ಆ ಉಪಾಯ ನಡೆಯುತ್ತೆ. ಹೆಡ್‌ಲೈಟಿನ ಎದುರು ನಡೆಯೋದಿಲ್ಲ. ಗೂಡೂ ಕಟ್ಟೋದಿಲ್ಲ, ದರಗಿನ ಮೇಲೇ ಎರಡು ಮೊಟ್ಟೆ. ಆ ಮಾರ್ಚಿನಲ್ಲಿ ಹತ್ತಿರ ಎಲ್ಲಾದರೂ ಮೊಟ್ಟೆ ಇತ್ತೇನೋ ಅಂತ ನಾನು ಸಂಜೆವರೆಗೆ ಹುಡುಕಿದೆ.

ಇಂಜಿನಿಯರ್: ಸಿಕ್ಕಿತಾ?

ಮೇಷ್ಟ್ರು: ಇಲ್ಲ.

ಇಂಜಿನಿಯರ್: ಬಂಡೀಪುರದಲ್ಲಿ ರಾತ್ರಿ ಗೇಟು ಹಾಕುತ್ತಾರಲ್ಲ, ಆ ಥರ ಇಲ್ಲಿ ಆಗೋದಿಲ್ಲ ಸರ್. ಊರಿಗೆ ಇದೊಂದೇ ದಾರಿ.

ಮೇಷ್ಟ್ರು: ಇಲ್ಲಿ ಬೇಡ. ಅಲ್ಲಿ ಅದು ಬೇಕಿತ್ತು. 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಊಟಿ ರಸ್ತೆ, ಸುಲ್ತಾನ್ ಬತ್ತೇರಿ ರಸ್ತೆ ಎರಡೂ ಬಂದ್. ತುರ್ತು ವಾಹನ, ಕೆಲವೇ ಬಸ್ಸು ಬಿಟ್ಟರೆ ಇಲ್ಲ. ಆನೆ, ಜಿಂಕೆ, ಹುಲಿಗೆ ಅಂತ ಮಾಡಿದ್ದು. ರಸ್ತೆ ಮೇಲೆ ಕೂರುವ ನತ್ತಿಂಗಕ್ಕೂ ಗೂಬೆಗೂ ಅದೇ ಕಾವಲು. ನಾಗರಹೊಳೆಯಲ್ಲಿ ಮಾನಂದವಾಡಿ ರಸ್ತೆಯನ್ನು ಸಂಜೆ 6ರಿಂದಲೇ ಮುಚ್ಚುತ್ತಾರೆ, ಅದು ಇನ್ನೂ ಒಳ್ಳೆಯದು, ಯಾಕೆಂದರೆ ಮುಸ್ಸಂಜೆಯೂ ಹಕ್ಕಿಗೆ ಸಿಗುತ್ತೆ. ನನ್ನದೊಂದು ಆಸೆ ಇದೆ. ಜನವರಿಯಲ್ಲಿ ಆ ಕಡೆ ಸೂರ್ಯ ಹುಟ್ಟೋದು ಆರೂಮುಕ್ಕಾಲಿಗೆ. ಆರಕ್ಕೇ ಗೇಟು ತೆಗೆದರೆ ಕತ್ತಲಲ್ಲೇ ಲಾರಿ ನುಗ್ಗುತ್ತೆ. ಹಕ್ಕಿ ಬಾಯಿ ಬಿಡುವ ಹೊತ್ತು ಅದು. ಗಡಿಯಾರ ನೋಡಿ ತೆಗೆಯುವ ಬದಲು ಸೂರ್ಯನನ್ನು ನೋಡಿ ತೆಗೆದರೆ ಅಂತ.

ಇಂಜಿನಿಯರ್: ಇಲ್ಲಿ ನಾನು ಮಾಡಬಹುದಾದ್ದು ಉಬ್ಬು. ಮಬ್ಬಿನ ಭಾಗದಲ್ಲಿ ತಿರುವುಗಳನ್ನು ನೇರ ಮಾಡದೆ ಹಾಗೇ ಬಿಡೋದು. ನೇರ ಮಾಡಿದರೆ ತಾನೇ ಜೋರು. ಇನ್ನೊಂದು ಮುಖ್ಯ. ಊರಾಚೆ ಹಳ್ಳಕ್ಕೆ ಸೇತುವೆ ಕಟ್ಟಿ ಈ ರಸ್ತೆಯನ್ನು ಹೆದ್ದಾರಿಗೆ ಕೂಡಿಸಬೇಕು ಅಂತ ಒಂದು ಮಾತಿದೆ. ಆಗುಂಬೆ ಕಡೆ ಹೋಗುವವರಿಗೆ ಒಳದಾರಿ ಆಗುತ್ತಂತೆ.

ಮೇಷ್ಟ್ರು: ನೀನು ಏನಂತೀಯ ಅದಕ್ಕೆ?

ಇಂಜಿನಿಯರ್: ಊರಿಗೆ ಬಂದು ನಿಲ್ಲುವ ರಸ್ತೆಯಲ್ಲಿ ಊರಿನವರ ಗಾಡಿ ಮಾತ್ರ ಓಡುತ್ತೆ. ಎರಡು ಕಡೆ ಕೂಡಿಸಿದರೆ ಯಾರದೋ ಗಾಡಿ, ಯಾವ ಹೊತ್ತಿನಲ್ಲೋ. ಆಮೇಲೆ ಎಷ್ಟು ಉಬ್ಬು ಹಾಕಿದರೂ ಈ ಮೌನ ಉಳಿಯೋದಿಲ್ಲ. ಸೇತುವೆಯಿಂದ ನಮ್ಮ ಊರಿಗೆ ಸಿಗೋದು ಏನೂ ಇಲ್ಲ, ಆಸ್ಪತ್ರೆ ಇರೋದು ಈ ಕಡೆ. ಹಾಗಂತ ಬರೆದು ಸಹಿ ಹಾಕುತ್ತೀನಿ.

ಮೇಷ್ಟ್ರು: ಅಷ್ಟು ಮಾಡು. ಎಸ್ಟಿಮೇಟ್ ಯಾವಾಗ ಕೊಡಬೇಕು?

ಇಂಜಿನಿಯರ್: ಇನ್ನು ಹತ್ತು ದಿನ ಇದೆ.

ಮೇಷ್ಟ್ರು: ಹಾಗಾದರೆ ಭಾನುವಾರ ಬೆಳಿಗ್ಗೆ ಆರಕ್ಕೆ ಬಾ. ಟೇಪು ಬೇಡ, ಪುಸ್ತಕ ಪೆನ್ನು ತಾ. ಮೊದಲು ದಾರಿಯ ಮೇಲೆ ನಿಂತು ಅರ್ಧ ಗಂಟೆ ಎಣಿಸೋಣ. ಆಮೇಲೆ ನೂರು ಹೆಜ್ಜೆ ಕಾಡಿನೊಳಗೆ ಹೋಗಿ, ಮಾತಾಡದೆ ಕೂತು, ಇನ್ನರ್ಧ ಗಂಟೆ ಎಣಿಸೋಣ. ಎರಡು ಪಟ್ಟಿಯನ್ನೂ ಎಸ್ಟಿಮೇಟಿನ ಜೊತೆ ಲಗತ್ತಿಸು.